ಮಾರ್ಲಿಸ್ ತುಂಬಿದ ನಲವತ್ತಮೂರು

ದೊಡ್ಡ ರಿವಾಲ್ವರ್ ಬಗ್ಗೆ ನಮ್ಮ ದ್ವೀಪದಲ್ಲಿ ಯಾರಿಗೆ ಏನು ಅನುಮಾನ ಬಂದರೂ ನನ್ನ ಅಂಗಡಿಗೇ ಬರಬೇಕು. ಬೇರೆ ಅಂಗಡಿ ಇಲ್ಲ ಎಂಬುದು ಒಂದು ಕಾರಣ. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವ ನನ್ನ ಚಾಳಿ ಇನ್ನೊಂದು. ಮೊಳೆ, ಬಲೆ, ರಬ್ಬರ್ ಬೂಟು, ಬಂದೂಕು ಎಲ್ಲವನ್ನೂ ಒಂದೇ ಸೂರಿನಡಿ ಮಾರುತ್ತೇನೆ, ಮಾತನ್ನು ಮಾತ್ರ ಪುಕ್ಕಟೆ ಕೊಡುತ್ತೇನೆ. ಅಲಾಸ್ಕಾದ ಕಂದು ಕರಡಿಗಳೊಂದಿಗೆ ಊರು ಹಂಚಿಕೊಂಡು ಬದುಕುವವರಿಗೆ ಇಂಥ ಅಂಗಡಿಯವನೊಬ್ಬ ಇರಲೇಬೇಕು ಎಂದು ನನ್ನ ನಂಬಿಕೆ. ನನ್ನ ಹೆಂಡತಿ ಕೊರಿನ್ ಇದನ್ನು ಒಪ್ಪುವುದಿಲ್ಲ.

ಕೊರಿನ್‌ಳ ಅಕ್ಕ ಮಾರ್ಲಿಸ್ ಮೇ ತಿಂಗಳ ಮೊದಲ ವಾರ ಅಂಗಡಿಗೆ ಬಂದು, ತನ್ನ ಹಳೆಯ ರಿವಾಲ್ವರನ್ನು ಗಲ್ಲಾದ ಮೇಲಿಟ್ಟಳು. ಜನವರಿಯಲ್ಲಿ ದೋಣಿಕಟ್ಟೆಯ ಹಿಮದ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಪಟ್ಟಿ ಬಿಚ್ಚಿದ್ದರೂ ಕೈ ಮೊದಲಿನಂತಿರಲಿಲ್ಲ.

"ಇದು ಇನ್ನು ನನ್ ಕೈಲಾಗಲ್ಲ, ವರ್ನ್. ಒಂದ್ ಸಲ ಹೊಡೆದ್ರೆ ಮೊಣಕೈವರೆಗೂ ಜುಮ್ ಅನ್ನುತ್ತೆ. ಬೇರೆ ಏನಾದ್ರೂ ತೋರ್ಸು."

ಅವಳಿಗೆ ಅರವತ್ತೊಂದು ವರ್ಷ. ಹದಿನೆಂಟು ಬೇಸಿಗೆಗಳನ್ನು ಟರ್ನ್ ನದಿಯ ದಂಡೆಯ ಗುಡಿಸಲಲ್ಲಿ ಒಬ್ಬಳೇ ಕಳೆದವಳು. ಅಲ್ಲಿ ನದಿಗೆ ಅಡ್ಡವಾಗಿ ಒಂದು ಬೇಲಿಯಿದೆ, ಬೇಲಿಗೊಂದು ಸಣ್ಣ ಬಾಗಿಲಿದೆ. ಸಮುದ್ರದಿಂದ ಏರಿ ಬರುವ ಸಾಲ್ಮನ್ ಮೀನುಗಳು ಆ ಬಾಗಿಲಿನಿಂದಲೇ ದಾಟಬೇಕು. ಒಂದೊಂದನ್ನೂ ಎಣಿಸಿ ಮೀನು ಇಲಾಖೆಗೆ ತಿಳಿಸುವುದು ಇವಳ ಕೆಲಸ. ಮೀನು ಇದ್ದಲ್ಲಿ ಕರಡಿಯೂ ಇರುತ್ತದೆ. ಆದ್ದರಿಂದ ಪ್ರತಿ ಜೂನ್‌ನಲ್ಲಿ ಇಲಾಖೆಯವರು ಗುರಿ ಪರೀಕ್ಷೆ ಮಾಡುತ್ತಾರೆ. ಹದಿನೈದು ಹೆಜ್ಜೆ ದೂರದಲ್ಲಿ ಊಟದ ತಟ್ಟೆಯಷ್ಟು ಅಗಲದ ಕಾಗದ ಇಟ್ಟಿರುತ್ತಾರೆ. ಇಪ್ಪತ್ತು ಸೆಕೆಂಡಿನಲ್ಲಿ ಆರು ಗುಂಡು ಹೊಡೆಯಬೇಕು, ನಾಲ್ಕಾದರೂ ಕಾಗದಕ್ಕೆ ತಾಗಬೇಕು. ತಪ್ಪಿದರೆ ನದಿ ಬೇರೆಯವರ ಪಾಲು, ಇವಳಿಗೆ ಕಚೇರಿಯಲ್ಲೊಂದು ಕುರ್ಚಿ. ಮಾರ್ಲಿಸ್‌ಗೆ ಆ ಕುರ್ಚಿಗಿಂತ ಕರಡಿಯೇ ವಾಸಿ.

ನಾನು ಬೀರುವಿನಿಂದ ನನ್ನ ಮುದ್ದಿನ ರಿವಾಲ್ವರ್ ತೆಗೆದೆ. ಅದಕ್ಕಿಂತ ದೊಡ್ಡದು ದ್ವೀಪದಲ್ಲೇ ಇಲ್ಲ. ಉರುಳೆಯಲ್ಲಿ ಐದೇ ತೋಟಾ ಹಿಡಿಸುತ್ತವೆ, ಒಂದೊಂದೂ ನನ್ನ ಹೆಬ್ಬೆರಳಿನಷ್ಟು ದಪ್ಪ.

"ನೋಡಿ ಅತ್ತಿಗೆ, ಇದು ತುಂಬಾ ತೂಕ. ತೂಕ ಜಾಸ್ತಿ ಇದ್ರೆ ಒದೆತ ಕಮ್ಮಿ. ಇದರ ಸದ್ದಿಗೇ ಕರಡಿ ಊರು ಬಿಡುತ್ತೆ."

"ನಿನಗೆ ಒದೆಯಲ್ವಾ?"

"ನಂಗಾ? ಅಭ್ಯಾಸ ಆಗ್ಬಿಟ್ಟಿದೆ."

ಊರಾಚೆಯ ಹಳೆಯ ಜಲ್ಲಿ ಗುಂಡಿಗೆ ಹೋದೆವು. ಅವಳು ಒಂದೇ ಸಲ ಹೊಡೆದಳು. ಮುಖ ಬಿಳಿಚಿಕೊಂಡಿತು. ಆಮೇಲೆ ನನಗೆ ಬೆನ್ನು ಮಾಡಿ ನಿಂತು, ಅದಕ್ಕೆ ತಾನೇ ತೋಟಾ ಹಾಕಿ ಕೈಗಿತ್ತು, "ಈಗ ನೀನು ಹೊಡಿ, ನೋಡೋಣ" ಎಂದಳು.

ಎರಡು ಹೊಡೆದೆ. ಮೂರನೆಯ ಸಲ ಬರೀ ಟಿಕ್ ಎಂದಿತು. ಸದ್ದೂ ಇಲ್ಲ, ಒದೆತವೂ ಇಲ್ಲ. ಆದರೆ ನಳಿಗೆಯ ಮೂತಿ ಒಂದು ಗೇಣು ಕೆಳಗೆ ಬಾಗಿ ನೆಲ ನೋಡುತ್ತಿತ್ತು. ಉರುಳೆಯ ಮೂರನೆಯ ತೂತಿನಲ್ಲಿ ಅವಳು ಹೊಡೆದು ಮುಗಿದ ಖಾಲಿ ತೋಟಾ ಇಟ್ಟಿದ್ದಳು. ಒದೆಯುತ್ತದೆಂಬ ಹೆದರಿಕೆಯಲ್ಲಿ ಕೈ ಮೊದಲೇ ನಳಿಗೆಯನ್ನು ಕೆಳಗೆ ಅದುಮುತ್ತದೆ. ತುಂಬಿದ ತೋಟಾ ಸಿಡಿದಾಗ ಆ ಗಲಾಟೆಯಲ್ಲಿ ಗೊತ್ತಾಗುವುದಿಲ್ಲ, ಖಾಲಿ ತೋಟಾ ಬಂದಾಗ ಬಣ್ಣ ಬಯಲಾಗುತ್ತದೆ. ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ನಾನೇ ಮಾಡಿಸುತ್ತ ಬಂದ ಪರೀಕ್ಷೆ ಅದು.

"ಕರಡಿ ಬದುಕ್ತು," ಎಂದಳು ಮಾರ್ಲಿಸ್. "ಆ ಕಲ್ಲು ಪಾಪ, ಏನು ಮಾಡಿತ್ತೋ."

ಅವಳು ಕೊನೆಗೆ ಆರಿಸಿದ್ದು ನಲವತ್ತೈದರ ಅಳತೆಯ ಗುಂಡಿನ ಹಳೆಯ ಮಾದರಿಯ ರಿವಾಲ್ವರ್. ಹೊಳಪಿಲ್ಲ, ಸದ್ದಿನ ಆರ್ಭಟವೂ ಇಲ್ಲ. ಗುಂಡು ಮಾತ್ರ ದಪ್ಪ, ಭಾರ. ಅದು ಓಡುತ್ತದೆ ಎನ್ನುವುದಕ್ಕಿಂತ ನುಗ್ಗುತ್ತದೆ ಎನ್ನಬೇಕು. ತೊಂದರೆಯಿದ್ದದ್ದು ತೋಟಾದಲ್ಲಿ. ನನ್ನ ಅಂಗಡಿಯಲ್ಲಿ ಎರಡು ಬಗೆಯವಿದ್ದವು. ಒಂದು ಅವಳ ಮಣಿಕಟ್ಟಿಗೆ ಜಾಸ್ತಿ, ಇನ್ನೊಂದು ಬಗೆ ತಗಡಿನ ಡಬ್ಬಿ ಉರುಳಿಸುವ ಆಟಕ್ಕಷ್ಟೇ ಸಾಕು. ನಡುವಿನದು ಬೇಕೆಂದರೆ ಮನೆಯಲ್ಲೇ ತುಂಬಿಕೊಳ್ಳಬೇಕು.

"ನಾನ್ ತುಂಬಿಕೊಡ್ತೀನಿ ಬಿಡಿ," ಎಂದೆ.

"ಬೇಡ. ನಾನು ಹೊಡೆಯೋದನ್ನ ನಾನೇ ತುಂಬ್ತೀನಿ."

ಒಬ್ಬರು ತುಂಬಿದ ತೋಟಾವನ್ನು ಇನ್ನೊಬ್ಬರು ಹೊಡೆಯಬಾರದು ಎಂಬುದು ತೋಟಾ ತುಂಬುವವರ ಮೊದಲ ಕಟ್ಟಳೆ. ಅಂಗಡಿಯ ಹಿಂಭಾಗದ ಮೇಜಿನ ಮೇಲ್ಗಡೆ ಗೋಡೆಗೆ ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದವನೂ ನಾನೇ.

ಆ ಮೇಜಿನಲ್ಲಿ ಅವಳಿಗೆ ಕೆಲಸ ಕಲಿಸಿದೆ. ಹೊಡೆದು ಮುಗಿದ ಹಿತ್ತಾಳೆ ಕೊಳವೆಯನ್ನು ತಿಕ್ಕಿ ಅಳತೆಗೆ ತರಬೇಕು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಬೇಕು, ಮದ್ದು ತೂಗಿ ಹಾಕಬೇಕು, ಮೇಲೆ ಸೀಸದ ಗುಂಡು ಒತ್ತಬೇಕು. ಅಷ್ಟು ನಾನು ಹೇಳಿಕೊಟ್ಟದ್ದು. ಉಳಿದದ್ದನ್ನು ಅವಳೇ ತಂದಳು. ತೋಟಾ ತುಂಬುವ ಪುಸ್ತಕ ಹೇಳುವ ತೀರಾ ಕಡಿಮೆ ಮದ್ದಿನಿಂದ ಶುರುಮಾಡಿ, ಮದ್ದನ್ನು ಚೂರು ಚೂರೇ ಏರಿಸುತ್ತ ಒಂದೊಂದು ಮೆಟ್ಟಿಲಿಗೆ ಐದೈದು ತುಂಬಿ, ಜಲ್ಲಿ ಗುಂಡಿಗೆ ಹೋಗಿ ಹೊಡೆದು, ಕೈ ಏನು ಹೇಳಿತೆಂದು ಬರೆದುಕೊಂಡು ವಾಪಸ್ ಬರುತ್ತಿದ್ದಳು. ಹೀಗೆ ಮೂರು ವಾರ. ನಾನಾಗಿದ್ದರೆ ಎರಡನೇ ದಿನಕ್ಕೇ ಮೇಲಿನ ಮೆಟ್ಟಿಲಿಗೆ ಹಾರಿರುತ್ತಿದ್ದೆ.

ಮದ್ದು ಹಾಕುವಾಗ ಮಾತಿಲ್ಲ. ರೇಡಿಯೋ ಇಲ್ಲ, ಕಾಫಿ ಇಲ್ಲ. ತೂತು ಕೊರೆದ ಹಲಗೆಯಲ್ಲಿ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದರ ಬಾಯಿಗೂ ಟಾರ್ಚ್ ಹಿಡಿದು ಒಳಗೆ ಮದ್ದು ಕಾಣುತ್ತದೋ ಎಂದು ನೋಡುವಳು. ನೋಡಿದ್ದಕ್ಕೆ ಗುಂಡು ಒತ್ತಿ, ಕೈಚೀಲದಿಂದ ಉಗುರುಬಣ್ಣದ ಶೀಶೆ ತೆಗೆದು ಬುಡಕ್ಕೊಂದು ಕೆಂಪು ಚುಕ್ಕೆ ಇಡುವಳು.

"ತೋಟಾಕ್ಕೂ ಸಿಂಗಾರನಾ, ಅತ್ತಿಗೆ?"

ಅವಳು ಚುಕ್ಕೆಯ ಮೇಲೆ ಊದಿ ಒಣಗಿಸಿದಳು. "ನೋಡಿದೀನಿ ಅನ್ನೋಕೆ ಗುರುತು. ನದೀಲೂ ಅಷ್ಟೇ. ಮೀನು ಹೋಯ್ತು ಅನ್ಸಿದ್ರೆ ಕೈಲಿರೋ ಎಣಿಕೆ ಯಂತ್ರ ಒತ್ತಲ್ಲ, ಕಂಡ್ರೆ ಒತ್ತೋದು."

ನಿಜ ಹೇಳಬೇಕೆಂದರೆ ಆಗಲೇ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಬಂದಿತ್ತು. ನನ್ನ ಮೇಜಿನಲ್ಲಿ, ನನ್ನ ತಕ್ಕಡಿಯಲ್ಲಿ, ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದಳು. ಕೊನೆಗೆ ಅವಳು "ಇಲ್ಲಿಗೆ ಸಾಕು" ಎಂದು ನಿಲ್ಲಿಸಿದ ಮೆಟ್ಟಿಲಿನಲ್ಲಿ ಗುಂಡು ನಾಲ್ಕು ಒದ್ದೆ ಹಲಗೆಗಳನ್ನು ತೂರಿ ಐದನೆಯದರಲ್ಲಿ ಸಿಕ್ಕಿಕೊಂಡಿತು. ಅವಳ ಕೈ ಅಲುಗಲಿಲ್ಲ.

ಪರೀಕ್ಷೆಯ ಹಿಂದಿನ ದಿನ ನಲವತ್ತಮೂರು ತುಂಬುವ ಹೊತ್ತಿಗೆ ಮಣಿಕಟ್ಟು ಊದಿಕೊಂಡಿತು. ಎದ್ದುಬಿಟ್ಟಳು. ಪರೀಕ್ಷೆಗೆ ಆರು ಸಾಕು, ನದಿಗೆ ಉಳಿದದ್ದು ಸಾಕು. "ಡಬ್ಬಿ ನಿನ್ ತಿಜೋರಿಯಲ್ಲೇ ಇರ್ಲಿ, ನಾಳೆ ನೇರ ಅಲ್ಲಿಗೇ ತಂದ್ಬಿಡು," ಎಂದು ಹೇಳಿ ಹೋದಳು.

ನಾನು ಅಂಗಡಿಯವನು. ಐವತ್ತು ತೂತಿನ ಡಬ್ಬಿಯಲ್ಲಿ ಏಳು ಖಾಲಿ ಬಿದ್ದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬೆಳಗ್ಗೆ ಬಾಗಿಲು ತೆರೆಯುವ ಮುಂಚೆ ಅವಳ ಅಳತೆಯಲ್ಲೇ ಏಳು ತುಂಬಿ ಡಬ್ಬಿಯನ್ನು ಭರ್ತಿ ಮಾಡಿದೆ. ನಡುವೆ ಒಬ್ಬ ಮೀನುಗಾರ ತನ್ನ ಬೋಟಿನ ಪಂಪು ಬಂತೇ ಎಂದು ಫೋನ್ ಮಾಡಿದ. ಬಂದಿಲ್ಲ ಎಂದು ಹೇಳುವುದಕ್ಕೆ ನನಗೆ ಹತ್ತು ನಿಮಿಷ ಬೇಕಾಯಿತು. ಉಗುರುಬಣ್ಣ ಅವಳ ಕೈಚೀಲದಲ್ಲಿತ್ತು. ಅದು ಹೆಂಗಸರ ಗೊಡವೆ ಎಂದುಕೊಂಡು ಬಿಟ್ಟೆ. ಅವಳಿಗೆ ಉಪಕಾರ ಮಾಡಿದೆನೆಂದು ಖುಷಿಯೂ ಆಯಿತು.

ಜಲ್ಲಿ ಗುಂಡಿಯಲ್ಲಿ ಇಲಾಖೆಯ ಮೈರನ್ ಕಾಯುತ್ತಿದ್ದ. ಉದ್ದನೆಯ ಆಳು, ಕಡಿಮೆ ಮಾತಿನವನು. ಮನೆಯಲ್ಲಿ ತುಂಬಿದ ತೋಟಾ ತರುವವರಿಗೆ ಅವನೊಂದು ಕಾಗದ ಕೊಡುತ್ತಾನೆ. 'ಇವೆಲ್ಲವನ್ನೂ ನಾನೇ ತುಂಬಿದ್ದೇನೆ' ಎಂದು ಬರೆದಿರುತ್ತದೆ, ಕೆಳಗೆ ಸಹಿ ಹಾಕಬೇಕು. ಮಾರ್ಲಿಸ್ ಸಹಿ ಹಾಕಿದಳು. ನಾನು ಡಬ್ಬಿಯನ್ನು ಮೈರನ್ ಕೈಗಿಟ್ಟೆ. ಅವನ ಪದ್ಧತಿಯಂತೆ ಅವನೇ ಅಲ್ಲಿ ಇಲ್ಲಿ ಆರು ಆರಿಸಿ, ಅವನೇ ರಿವಾಲ್ವರಿಗೆ ಹಾಕಿ, ಹಿಡಿ ಮುಂದೆ ಮಾಡಿ ಅವಳಿಗೆ ಕೊಟ್ಟ. ಕಾಗದದಲ್ಲಿ ಬರೆದದ್ದು ಈಗ ನಿಜವಲ್ಲವೆಂದು ನನಗೆ ಹೊಳೆಯಿತು. ಏಳರ ಮಾತೇನು, ಯಾರಿಗೆ ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಮೈರನ್ ಗಡಿಯಾರ ಒತ್ತಿದ. ಮೊದಲನೆಯದು ಗುರಿಯ ಕಾಗದದ ನಡುವೆ. ಎರಡನೆಯದು ಅದರ ಪಕ್ಕ. ಮೂರನೆಯದು ಪುಸ್ ಎಂದಿತು. ಸೋಡಾ ಶೀಶೆಯ ಬಿರಡೆ ತೆಗೆದಷ್ಟೇ ಸದ್ದು.

ಮಾರ್ಲಿಸ್ ನಿಂತುಬಿಟ್ಟಳು. ಬೆರಳನ್ನು ಕುದುರೆಯಿಂದ ಹೊರಗೆ ತೆಗೆದು, ನಳಿಗೆಯನ್ನು ಗುರಿಯತ್ತಲೇ ಹಿಡಿದು, ಅಲುಗದೆ ನಿಂತಳು.

"ಹೊಡೀರಿ ಅತ್ತಿಗೆ," ಎಂದು ಕೂಗಿದವನು ನಾನು. "ಟೈಮ್ ಹೋಗ್ತಿದೆ, ಹೊಡೀರಿ, ಇನ್ನೂ ಮೂರಿದೆ."

ಅವಳು ತಿರುಗಿಯೂ ನೋಡಲಿಲ್ಲ. ಇಪ್ಪತ್ತು ಸೆಕೆಂಡು ಮುಗಿಯಿತು. ಗಡಿಯಾರ ಕೀರಿತು. ಹದಿನೆಂಟು ಬೇಸಿಗೆ, ನದಿ, ಗುಡಿಸಲು ಎಲ್ಲ ಆ ಸದ್ದಿನಲ್ಲಿ ಹೋಯಿತೆಂದುಕೊಂಡೆ. ಅವಳು ಮಾತ್ರ, ತೋಟಾ ತಡವಾಗಿ ಸಿಡಿದರೂ ಸಿಡಿದೀತೆಂದು, ಅರ್ಧ ನಿಮಿಷ ಹಾಗೇ ನಿಂತಿದ್ದು, ರಿವಾಲ್ವರನ್ನು ನಿಧಾನವಾಗಿ ಕಟ್ಟೆಯ ಮೇಲಿಟ್ಟು, "ಮೈರನ್, ನಳಿಗೆ ನೋಡಪ್ಪ," ಎಂದಳು.

ಅವನು ಉರುಳೆ ಬಿಚ್ಚಿ ತೋಟಾಗಳನ್ನೆಲ್ಲ ಹೊರಗೆ ತೆಗೆದು, ನಳಿಗೆಗೆ ಹಿತ್ತಾಳೆ ಸರಳು ತೂರಿಸಿದ. ಅರ್ಧಕ್ಕೇ ತಡೆಯಿತು. ಮೂರನೆಯ ಗುಂಡು ಒಳಗೇ ಸಿಕ್ಕಿಕೊಂಡಿತ್ತು. ಮದ್ದೇ ಇಲ್ಲದ ತೋಟಾ, ಕೇಪಿನ ಕಿಡಿಯೊಂದೇ ಅದನ್ನು ಅಲ್ಲಿಯವರೆಗೆ ತಳ್ಳಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಸೀಳುತ್ತಿತ್ತು, ಅವಳ ಕೈಯೂ ಅದರ ಜೊತೆ ಹೋಗುತ್ತಿತ್ತು. ಹೊಡೀರಿ ಎಂದು ಕೂಗಿದ ಬಾಯಿ ನನ್ನದು.

ಮಾರ್ಲಿಸ್ ಆ ಆರು ತೋಟಾಗಳನ್ನೂ ಬುಡ ಮೇಲಾಗಿಸಿ ಸಾಲಾಗಿ ಇಟ್ಟಳು. ಐದಕ್ಕೆ ಕೆಂಪು ಚುಕ್ಕೆಯಿತ್ತು, ಒಂದಕ್ಕೆ ಇರಲಿಲ್ಲ. ಅವಳು ಡಬ್ಬಿಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

"ಡಬ್ಬಿಯಲ್ಲಿ ಎಷ್ಟಿದೆ, ಮೈರನ್?"

ಅವನು ಎಣಿಸಿದ. "ನಲವತ್ತನಾಲ್ಕು."

"ಮೂವತ್ತೇಳು ಇರ್ಬೇಕಿತ್ತು. ನಾನ್ ತುಂಬಿದ್ದು ನಲವತ್ತಮೂರು. ಆ ಕಾಗದ ವಾಪಸ್ ತಗೋ. ಎಲ್ಲಾನೂ ನಾನೇ ತುಂಬಿದ್ದು ಅಂತ ಸಹಿ ಹಾಕಿದೀನಿ, ಅದು ಸುಳ್ಳು."

ನನ್ನ ಹೆಸರು ಹೇಳಲಿಲ್ಲ. ಹೇಳುವ ಹೆಂಗಸೂ ಅಲ್ಲ. ನದಿಯನ್ನು ತನ್ನ ಕೈಯಾರೆ ಬಿಟ್ಟುಕೊಡುತ್ತಿದ್ದಾಳೆಂದು ನನಗೆ ಅರ್ಥವಾಯಿತು.

"ನಾನು," ಎಂದೆ. ಅಷ್ಟು ಚಿಕ್ಕ ಮಾತು ನಾನು ಜೀವಮಾನದಲ್ಲಿ ಆಡಿರಲಿಲ್ಲ. "ಏಳು ನಾನ್ ಹಾಕ್ದೆ. ಅವರಿಗೆ ಗೊತ್ತಿಲ್ಲ. ಡಬ್ಬಿ ತುಂಬಿರ್ಲಿ ಅಂತ ಹಾಕ್ದೆ."

"ಡಬ್ಬಿ ತುಂಬಿರ್ಲಿ ಅಂತ," ಎಂದು ಮೈರನ್ ಹಾಗೇ ತಿರುಗಿ ಹೇಳಿದ. ಬೈದಿದ್ದರೆ ವಾಸಿಯಿತ್ತು.

ಅವನು ಬಹಳ ಹೊತ್ತು ಆ ಸಿಕ್ಕಿಬಿದ್ದ ಗುಂಡನ್ನು ಹೊರಗೆ ತಳ್ಳುತ್ತ ನಿಂತ. ನಳಿಗೆಯೊಳಗೆ ಬೆಳಕು ಹಿಡಿದು ಎಲ್ಲೂ ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡ. ಕೊನೆಗೆ ಸಹಿಯ ಕಾಗದವನ್ನು ಹರಿದು ಜೇಬಿಗೆ ಹಾಕಿಕೊಂಡು, ಚೀಲದಿಂದ ಇನ್ನೊಂದು ತೆಗೆದ.

"ಈ ಇಪ್ಪತ್ತು ಸೆಕೆಂಡಿನಲ್ಲಿ ನಾನ್ ನೋಡ್ಬೇಕಾದ್ದೆಲ್ಲ ನೋಡ್ದೆ, ಮಾರ್ಲಿಸ್. ಆದ್ರೂ ರೂಲು ರೂಲೇ. ನಿಮ್ಮದು ಯಾವುದೋ ನೀವೇ ಆರಿಸಿ. ಮೊದಲಿಂದ ಶುರು ಮಾಡೋಣ."

ಅವಳು ಚುಕ್ಕೆಯಿಲ್ಲದ ಆರನ್ನು ಡಬ್ಬಿಯಿಂದ ಹೆಕ್ಕಿ ನನ್ನ ಅಂಗೈಗೆ ಹಾಕಿದಳು. ಹೊಸ ಕಾಗದಕ್ಕೆ ಸಹಿ ಮಾಡಿ, ತನ್ನವೇ ಆರನ್ನು ರಿವಾಲ್ವರಿಗೆ ಹಾಕಿದಳು. ಐದು ಗುರಿಯ ಕಾಗದದ ನಡುವೆ ಬಿದ್ದವು, ಆರನೆಯದು ಅಂಚನ್ನು ಹರಿಯಿತು. ಒಂದು ಸಲವೂ ನಳಿಗೆಯ ಮೂತಿ ಕೆಳಗೆ ಬಾಗಲಿಲ್ಲ ಎಂಬುದನ್ನು ಇವತ್ತಿಗೂ ಯಾರಿಗಾದರೂ ಹೇಳುತ್ತಲೇ ಇರುತ್ತೇನೆ.

ಮನೆಗೆ ಬರುವ ದಾರಿಯಲ್ಲಿ ಪಿಕಪ್ಪಿನಲ್ಲಿ ಅವಳು ಒಂದೇ ಮಾತಾಡಿದ್ದು. "ಆ ಆರನ್ನ ಬಿಚ್ಚಿ ತೂಗು. ಎಷ್ಟಿತ್ತು ಅಂತ ನನಗೆ ಹೇಳು."

ಬಿಚ್ಚಿ ತೂಗಿದೆ. ಆರರಲ್ಲೂ ಮದ್ದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ, ಅವಳ ಅಳತೆಗೆ ಸರಿಯಾಗಿತ್ತು. ಅದನ್ನು ನೋಡಿದಾಗಲೇ ನನಗೆ ನಿಜವಾಗಿ ಭಯವಾದದ್ದು. ಕೆಲಸ ಬಾರದವನು ನಾನಾಗಿರಲಿಲ್ಲ. ಫೋನಿನಿಂದ ವಾಪಸ್ ಬಂದು ಏಳನೆಯದರೊಳಗೆ ನೋಡಿರಲಿಲ್ಲ, ಅಷ್ಟೇ. ಗೋಡೆಗೆ ಅಂಟಿಸಿದ್ದ ಕಟ್ಟಳೆಯ ಕೆಳಗೆ ಆ ಸಿಕ್ಕಿಬಿದ್ದ ಗುಂಡನ್ನು ಮೊಳೆ ಹೊಡೆದು ಕೂರಿಸಿದೆ. ಏನಿದು ಎಂದು ಕೇಳಿದ ಗಿರಾಕಿಗಳಿಗೆಲ್ಲ ನನ್ನ ಹೆಸರು ಸೇರಿಸಿಯೇ ಹೇಳುತ್ತೇನೆ.

ಮಾರ್ಲಿಸ್ ಸೆಪ್ಟೆಂಬರಿನಲ್ಲಿ ನದಿಯಿಂದ ವಾಪಸ್ ಬಂದಳು. ಒಂದೂವರೆ ಲಕ್ಷದ ಮೇಲೆ ಮೀನು ಎಣಿಸಿದ್ದಳು. ರಿವಾಲ್ವರಿನಲ್ಲಿ ಹಾಕಿಕೊಂಡು ಹೋಗಿದ್ದ ಆರು ತೋಟಾಗಳೂ ಹಾಗೇ ಇದ್ದವು, ಮಳೆಯಲ್ಲಿ ಹಿತ್ತಾಳೆ ಸ್ವಲ್ಪ ಕಪ್ಪಾಗಿತ್ತು. ಕರಡಿಗಳೊಂದಿಗೆ ಜೋರಾಗಿ ಮಾತಾಡಿದರೆ ಸಾಕು, ಹೋಗುತ್ತವೆ ಎಂದಳು. ನೀನಿದ್ದಿದ್ದರೆ ಊರನ್ನೇ ಬಿಡುತ್ತಿದ್ದವು ಎಂದೂ ಸೇರಿಸಿದಳು.

ಮುಂದಿನ ಮೇ ತಿಂಗಳಲ್ಲಿ ಅವಳು ತೋಟಾ ತುಂಬಲು ಬಂದಾಗ ನಾನು ಹಿಂಭಾಗದ ದೀಪ ಹಾಕಿಕೊಟ್ಟು ಗಲ್ಲಾ ಕಡೆಗೆ ಹೊರಟೆ. ಆ ಮೇಜಿನ ಹತ್ತಿರ ಅವಳಿರುವಾಗ ಹೋಗುವ ಮುಖ ನನಗಿರಲಿಲ್ಲ.

"ಎಲ್ಲಿಗ್ ಹೋಗ್ತಿದೀಯ? ಕೂತ್ಕೋ ಇಲ್ಲಿ," ಎಂದಳು. ಟಾರ್ಚನ್ನು ನನ್ನ ಕೈಗಿಟ್ಟಳು. "ನನ್ ಕಣ್ಣಿಗೂ ಅರವತ್ತೆರಡಾಯ್ತು. ನಾನ್ ನೋಡಿದ್ಮೇಲೆ ನೀನೂ ಒಂದ್ ಸಲ ನೋಡು. ಬಾಯಿ ಮುಚ್ಕೊಂಡು."

ಅಂಗಡಿಯ ಫೋನ್ ಎರಡು ಸಲ ಬಡಿದುಕೊಂಡಿತು. ನಾನು ಏಳಲಿಲ್ಲ. ಐವತ್ತು ಕೊಳವೆಗಳ ಬಾಯಿಗೂ ಬೆಳಕು ಹಿಡಿದು, ಕಂಡದ್ದಕ್ಕೆ ತಲೆಯಾಡಿಸಿದೆ. ನಾನು ತಲೆಯಾಡಿಸಿದ ಮೇಲೆಯೇ ಅವಳು ಗುಂಡು ಒತ್ತಿ ಚುಕ್ಕೆ ಇಟ್ಟಳು.