ಬಲಗಾಲು ಏಳುವ ತನಕ

ಟ್ಯಾಂಗೋ ಎಂಬ ಜೋಡಿ ಕುಣಿತದಲ್ಲಿ ಇಬ್ಬರಲ್ಲಿ ಒಬ್ಬರು ನಡೆಸಬೇಕು, ಇನ್ನೊಬ್ಬರು ಜೊತೆಗೆ ಹೆಜ್ಜೆ ಹಾಕಬೇಕು. ನಮ್ಮ ಕ್ಲಾಸಿನಲ್ಲಿ ಗಂಡಸರು ಕಡಿಮೆ, ನನಗೆ ಜಂಬ ಜಾಸ್ತಿ. ಹಾಗಾಗಿ ನಡೆಸುವುದನ್ನೇ ಕಲಿತೆ. ಯಾರ ಜೊತೆ ಕುಣಿದರೂ ಕಲಿತದ್ದನ್ನೆಲ್ಲ ಒಂದೇ ಹಾಡಿನಲ್ಲಿ ಸುರಿದುಬಿಡುವವಳು ನಾನು.

ಹೋದ ವಾರ ಅತ್ತಿಗೆಯ ಮೇಲೂ ಸುರಿದೆ. ಅಣ್ಣ ಇನ್ನೊಬ್ಬಳ ಹಿಂದೆ ಹೋದ ಮೇಲೆ ನಾನು, ಅತ್ತಿಗೆ ಒಂದೇ ಮನೆಯಲ್ಲಿ ಉಳಿದೆವು. ಅವರಿಗೆ ಮನೆ ಬಿಟ್ಟರೆ ಲಾಂಡ್ರಿ ಕೆಲಸ, ಲಾಂಡ್ರಿ ಬಿಟ್ಟರೆ ಮನೆ. ನಕ್ಕದ್ದು ನೋಡಿ ವರ್ಷವಾಗಿತ್ತು. ಕಾಡಿ ಬೇಡಿ ಕ್ಲಾಸಿಗೆ ಕರೆತಂದೆ. ನಾಲ್ಕು ಪಾಠ ಆಗಿತ್ತೋ ಇಲ್ಲವೋ, ಎಲ್ಲರೆದುರು ಗಿರಗಿರನೆ ತಿರುಗಿಸಿದೆ. ಕಾಲಿಗೆ ಕಾಲು ಸಿಕ್ಕಿ ಗೋಡೆಗೆ ಹೋಗಿ ಬಿದ್ದರು. ಯಾರೋ ನಕ್ಕರು. ಮನೆಗೆ ಬಂದು, "ನನ್ನ ಪಾಡಿಗೆ ನನ್ನ ಬಿಟ್ಬಿಡು" ಅಂದರು.

ಇವತ್ತು ಅತ್ತಿಗೆ ಕ್ಲಾಸಿಗೆ ಬಂದದ್ದು, ಇನ್ನು ಬರುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿಹೋಗಲು. ಹೋದರೆ ಮತ್ತೆ ಆ ಬಾಗಿಲು ದಾಟುವವರಲ್ಲ, ನನಗೆ ಗೊತ್ತು.

"ಒಂದೇ ಒಂದು ಹಾಡು ಅತ್ತಿಗೆ. ಆಮೇಲೆ ನಿಮ್ಮಿಷ್ಟ."

"ಬೀಳಿಸೋದಾದ್ರೆ ಮೊದಲೇ ಹೇಳ್ಬಿಡು, ಗೋಡೆ ಹತ್ರಾನೇ ನಿಂತ್ಕೋತೀನಿ."

ಹಾಡು ಶುರುವಾಯಿತು. ನಾನು ಬಾಲ ಮುದುರಿಕೊಂಡು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟೆ. ಅಷ್ಟೇ.

"ಇದೇನೇ, ಬಾಣಂತಿನ ನಡೆಸಿದ ಹಾಗೆ ನಡೆಸ್ತಿದೀಯ? ನಾನೇನು ಒಡೆದುಹೋಗ್ತೀನಾ?"

ಕೆಣಕಿದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ತಿರುಗಿಸಿಯೇಬಿಡೋಣ ಎಂದು ಭುಜ ಎತ್ತಿದೆ. ಅವರ ಬಲಗಾಲು ಇನ್ನೂ ನೆಲ ಬಿಟ್ಟಿರಲಿಲ್ಲ. ತಡೆದುಕೊಂಡು, ನಾಲ್ಕು ಹೆಜ್ಜೆ ನಡೆದು ನೋಡಿದೆ. ಎಡಗಾಲು ಸರಾಗವಾಗಿ ಬರುತ್ತಿತ್ತು. ಬಲಗಾಲು ಮಾತ್ರ ಊರಿದರೆ ಅರೆಗಳಿಗೆ ಅಲ್ಲೇ ಒತ್ತಿಕೊಂಡು ನಿಂತು ಆಮೇಲೆ ಏಳುತ್ತಿತ್ತು. ಲಾಂಡ್ರಿಯಲ್ಲಿ ದಿನವಿಡೀ ಆ ಕಾಲಿನಲ್ಲೇ ಇಸ್ತ್ರಿ ಯಂತ್ರದ ಪೆಡಲ್ ಒತ್ತುತ್ತಾರೆ; ಹಬೆ ಹೋಗುವ ತನಕ ಕಾಲು ತೆಗೆಯುವ ಹಾಗಿಲ್ಲ. ಹೋದ ವಾರ ಆ ಕಾಲು ಏಳುವ ಮೊದಲೇ ತಿರುಗಿಸಿದ್ದೆ, ಬೀಳದೆ ಇನ್ನೇನು? ಒಂದೇ ಮನೆಯಲ್ಲಿದ್ದೂ ಅವರ ನಡಿಗೆಯನ್ನು ಒಮ್ಮೆಯೂ ನೋಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮುಂದಿನ ಸಲ ಬಲಗಾಲು ಊರಿದಾಗ ಸುಮ್ಮನೆ ನಿಂತೆ. ತಾಳ ತಪ್ಪಿದರೆ ನನಗೆ ಮೈಯೆಲ್ಲ ಉರಿ. ಆದರೂ ಹೋಗಲಿ ಬಿಡು ಅಂದುಕೊಂಡೆ. ಕಾಲು ಹಗುರಾದ ಮೇಲೆ ನನ್ನ ಎದೆಯನ್ನಷ್ಟೇ ಮೆಲ್ಲನೆ ಪಕ್ಕಕ್ಕೆ ತಿರುಗಿಸಿದೆ. ಅತ್ತಿಗೆ ನನ್ನನ್ನು ಬಳಸಿ ಅರ್ಧ ಸುತ್ತು ಬಂದು ನಿಂತರು. ಅಷ್ಟು ಹೊತ್ತೂ ಬಿಗಿದುಕೊಂಡಿದ್ದ ಅವರ ಕೈ ನನ್ನ ಹೆಗಲ ಮೇಲೆ ಸಡಿಲವಾಯಿತು.

"ಇದು ನಾನಾ ಮಾಡಿದ್ದು?"

"ಮತ್ತಿನ್ಯಾರು?"

ಹಾಡು ಮುಗಿಯಿತು. ಅತ್ತಿಗೆ ಮೇಷ್ಟ್ರ ಕಡೆ ಒಮ್ಮೆ ನೋಡಿದರು. ಹೋಗಲಿಲ್ಲ.

"ನಿಮ್ಮಣ್ಣ ರಸ್ತೇಲೂ ಮುಂದೆ ಮುಂದೆ ನಡೀತಿದ್ರು ಕಣೆ. ತಿರುಗಿ ನೋಡಿ, 'ಬೇಗ ಬಾ' ಅನ್ನೋರು. ಇಷ್ಟು ವರ್ಷ, ನಂಗೆ ನಡೆಯೋಕೇ ಬರಲ್ಲ ಅಂದ್ಕೊಂಡಿದ್ದೆ."

ಮುಂದಿನ ಹಾಡು ಶುರುವಾಗಿ ಉಳಿದ ಜೋಡಿಗಳೆಲ್ಲ ಹೆಜ್ಜೆ ಹಾಕುತ್ತಾ ಹೊರಟವು. ಅತ್ತಿಗೆ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಕಾದೆ.