ಕಡಿದ ಎಳೆಯ ಗಂಟು

ಲಂಡನ್ನಿನವರಿಗೂ ಅನುಮಾನ ಬಂದರೆ ನನ್ನನ್ನೇ ಕೇಳಬೇಕು. ಅಂಥ ಇಂಗ್ಲಿಷ್ ಮೇಷ್ಟ್ರು ನಾನು. ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಪಾಠ ಹೇಳುವಾಗ ಸೊಸೆ ಜ್ಯೋತಿಲಕ್ಷ್ಮಿ ‘ಎನ್‌ಟ್ರಸ್ಟ್’ ಎಂದರೇನೆಂದು ಕೇಳಿದಳು.

“ಟ್ರಸ್ಟ್ ಅಂದ್ರೆ ನಂಬಿಕೆ ಕಣಮ್ಮ. ಯುರೋಪಿನ ಉತ್ತರದ ಹಳೇ ನಾರ್ಸ್ ಜನ ಭರವಸೆಗೆ ಇಟ್ಟ ಹೆಸರದು. ಎನ್‌ಟ್ರಸ್ಟ್ ಅಂದ್ರೆ ನಂಬಿ ಕೈಗೊಪ್ಪಿಸೋದು.”

“ನಮ್ಮತ್ತೆ ಕಡಿದ ಎಳೆಗೆ ಗಂಟು ಹಾಕೋಕೂ ಬಿಡಲ್ಲ ಸಾರ್,” ಎಂದು ಅವಳು ಪಿಸುಗುಟ್ಟಿದಳು.

“ಗಂಟು ಹಾಕೋಕೂ ಬಿಡಲ್ವಾ?” ಎಂದು ನಾನು ಗುಡುಗಿದ್ದಕ್ಕೆ ಮೈಲಿಗಳಾಚೆ ರಾಜಘಟ್ಟದ ಊರಿನ ಕೋಳಿಗಳೂ ಬೆದರಿದವು.

ಒಳಗೆ ಎಳೆ ಕಡಿದು ಮಗ್ಗ ನಿಂತಿತು. ನೇಯುತ್ತಿದ್ದ ಅತ್ತೆ ಅಂಜಿನಮ್ಮ ಎದ್ದು ಬಾಗಿಲಿಗೆ ಬಂದರು.

“ಮೇಷ್ಟ್ರೇ, ನಿಮ್ಮ ಬಾಯಿ ಮಗ್ಗಕ್ಕಿಂತ ಜೋರು. ಹೋಗಮ್ಮ, ಗಂಟು ಹಾಕಿ ನೀನೇ ನೇಯಿ. ನಾನು ಕಾಫಿ ಮಾಡ್ತೀನಿ.”

ಅಂಜಿನಮ್ಮ ಒಮ್ಮೆಯೂ ಮಗ್ಗದ ಕಡೆ ಇಣುಕಲಿಲ್ಲ. ಮಗ್ಗ ಮತ್ತೆ ಸದ್ದು ಮಾಡಿತು. ಜ್ಯೋತಿಲಕ್ಷ್ಮಿ ಅದನ್ನು ಬಿಟ್ಟು ಬರಲೇ ಇಲ್ಲ. ಅವಳ ಪಾಲಿನ ಕಾಫಿಯನ್ನೂ ನಾನೇ ಕುಡಿದೆ.