ನೆನೆಹಾಕಿದ ಅವರೆ

ನೆನೆದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಸುಕಿದರೆ ಬೇಳೆ ಪುಳಕ್ಕನೆ ಜಾರಿ ಬೋಗುಣಿಗೆ ಬೀಳುತ್ತಿತ್ತು, ಸಿಪ್ಪೆ ಸೆಲ್ವಿಯ ಕೈಯಲ್ಲಿ ಉಳಿಯುತ್ತಿತ್ತು. ಹತ್ತು ಗಂಟೆಯ ಬಸ್ಸಿಗೆ ಅಪ್ಪ ಬರುವವರಿದ್ದರು. ತಮ್ಮನ್ನು ಕೇಳದೆ ನರೇಶನನ್ನು ಮದುವೆಯಾದಳೆಂದು ಮಗಳ ಮುಖವನ್ನೇ ನೋಡದಿದ್ದವರು, ಇವತ್ತು ಮೊದಲ ಸಲ ರಾಬರ್ಟ್‌ಸನ್‌ಪೇಟೆಯಿಂದ ಕಾಮಸಮುದ್ರದ ಆಚೆಯ ಈ ಹಳ್ಳಿಗೆ ಹೊರಟಿದ್ದರು. ಮಾವನ ಎದುರು ನಿಲ್ಲುವ ಧೈರ್ಯವಿಲ್ಲದ ನರೇಶನಿಗೆ ಸರಿಯಾಗಿ ಇವತ್ತೇ ಬಂಗಾರಪೇಟೆಯಲ್ಲಿ ತಪ್ಪಿಸಲಾಗದ ಕೆಲಸವೊಂದು ಹುಟ್ಟಿಕೊಂಡಿತ್ತು.

ಡೈರಿಗೆ ಹಾಲು ಹಾಕಿ ಬಂದ ಅತ್ತೆ ಅಶ್ವತ್ಥಮ್ಮ ಕ್ಯಾನು ಕೆಳಗಿಟ್ಟವಳು ಜಗುಲಿಯ ಮೇಲಿನ ಬರಿದಾದ ಮೊರ ನೋಡಿದಳು. ಆಮೇಲೆ ಬೋಗುಣಿ ನೋಡಿದಳು.

"ಮೊರದಾಗಿದ್ದ ಕಾಳೆಲ್ಲಿ?"

"ರಾತ್ರೀನೇ ನೆನೆ ಆಕ್ದೆ ಅತ್ತೆ. ಅಪ್ಪ ಬಂದ್ರೆ ಇತಕಬೇಳೆ ಸಾರು ಮಾಡಾನ ಅಂತ ನೀವೇ ಅಂದ್ರಲ್ಲ."

"ಸಾರಿಗೆ ಡಬ್ಬೀಲಿ ಅಂಗಡಿ ಕಾಳೈತಲ್ಲೇ. ಇದು ಬಿತ್ನೆ ಕಾಳು. ಬಿಸ್ಲಿಗೆ ಆಕಿದ್ದೆ."

ಸೆಲ್ವಿಯ ಬೆರಳು ಅಲ್ಲೇ ನಿಂತಿತು.

ಅದು ಬೆಟ್ಟದ ಅವರೆ. ಊರ ಹಿಂದಿನ ಬೆಟ್ಟದ ಇಳಿಜಾರಿನಲ್ಲಿ, ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ, ಅಶ್ವತ್ಥಮ್ಮನ ಅತ್ತೆಯ ಕಾಲದಿಂದ ಬೆಳೆದುಕೊಂಡು ಬಂದದ್ದು. ಯಾವಾಗ ಬಿತ್ತಿದರೂ ಇಬ್ಬನಿ ಬೀಳುವವರೆಗೆ ಹೂ ಬಿಡದ ಹಟಮಾರಿ ಬಳ್ಳಿ. ಅಷ್ಟು ಕಾಯುವ ತಾಳ್ಮೆ ಯಾರಿಗಿದೆ? ಊರೆಲ್ಲ ವರ್ಷವಿಡೀ ಕಾಯಿ ಬಿಡುವ ಪ್ಯಾಕೆಟ್ ಬೀಜಕ್ಕೆ ಬಿದ್ದಿತ್ತು. ಕೇಳಿ ತರೋಣವೆಂದರೆ ಇನ್ನೊಂದು ಮನೆಯಲ್ಲಿ ಈ ಕಾಳಿರಲಿಲ್ಲ. ಬೂದಿ ಬೆರೆಸಿ ಮಡಕೆಯಲ್ಲಿ ಮುಚ್ಚಿಟ್ಟಿದ್ದನ್ನು ಅಶ್ವತ್ಥಮ್ಮ ನಿನ್ನೆಯಷ್ಟೇ ಕೇರಿ ಮೊರಕ್ಕೆ ಹಾಕಿದ್ದಳು. ಬೂದಿಯಲ್ಲೇ ಇದ್ದಿದ್ದರೆ ಸೆಲ್ವಿ ಅದನ್ನು ಮುಟ್ಟುತ್ತಿರಲಿಲ್ಲ.

ಅಶ್ವತ್ಥಮ್ಮ ನೀರಿಗೆ ಕೈಹಾಕಿ ಇನ್ನೂ ಹಿಸುಕದ ಕಾಳನ್ನೆಲ್ಲ ಒದ್ದೆ ಬಟ್ಟೆಗೆ ಬಳಿದುಕೊಂಡಳು. "ಇವತ್ತು ಮಣ್ಣು ಸೇರ್ಲಿಲ್ಲ ಅಂದ್ರೆ ನಾಳೆಗೆ ನಾತ ಒಡೀತವೆ," ಅಂದಳು, ಬೋಗುಣಿಗೆ ಹೇಳುವವಳ ಹಾಗೆ. ಗುದ್ದಲಿ ಹೆಗಲಿಗೇರಿಸಿ ಬೆಟ್ಟದ ದಾರಿ ಹಿಡಿದಳು. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು ಸೆಲ್ವಿಗೆ.

ಮಳೆ ಬಿದ್ದು ವಾರದ ಮೇಲಾಗಿತ್ತು. ಒಣನೆಲಕ್ಕೆ ಕಾಳು ಹಾಕಿದರೆ ಏನು ಪ್ರಯೋಜನ, ನೀರು ಹೊರುವವರು ಬೇಕು. ಆದರೆ ಮನೆಗೆ ಬೀಗ ಕಂಡರೆ ಅಪ್ಪ ಅದನ್ನೇ ನೆಪ ಮಾಡಿಕೊಂಡು ವಾಪಸ್ ಬಸ್ಸು ಹತ್ತುತ್ತಾರೆ, ಮತ್ತೆ ಬರುವುದಿಲ್ಲ. ಸೆಲ್ವಿ ಒಲೆಯ ಹತ್ತಿರ ಹೋದಳು, ಬಾಗಿಲಿಗೆ ಬಂದಳು, ಮತ್ತೆ ಒಲೆಯ ಹತ್ತಿರ ಹೋದಳು. ಕೊನೆಗೆ ಬಿಂದಿಗೆ ತುಂಬಿಸಿ, ಬೀಗ ಹಾಕಿ, ಪಕ್ಕದ ಮನೆಯ ಕಲಾಗೆ ಒಂದು ಮಾತು ಹೇಳಿ ಬೆಟ್ಟ ಹತ್ತಿದಳು.

ಅತ್ತೆ ಗುಣಿ ತೋಡಿ ಕಾಳು ಹಾಕುತ್ತಿದ್ದಳು, ಸೆಲ್ವಿ ಚೊಂಬಿನಿಂದ ಚೂರುಚೂರೇ ನೀರು ಬಿಡುತ್ತಿದ್ದಳು. ಮುಚ್ಚಿದ ಗುಣಿಯ ಮೇಲೆ ಅತ್ತೆ ಜಾಲಿಮುಳ್ಳು ಹೊದಿಸುತ್ತ, "ಆ ನವಿಲ್ಗಳು ಒಂದ್ ಕಾಳೂ ಬಿಡಲ್ಲ," ಎಂದು ಮುಳ್ಳಿಗೆ ಹೇಳಿದಳು. ಬಂಡೆಯ ಪಕ್ಕದ ಸಾಲಿಗೆ ಬರುವಷ್ಟರಲ್ಲಿ ಮುಳ್ಳು ಮುಗಿದುಹೋಯಿತು. ಕೆಳಗೆ ಬಸ್ಸಿನ ಹಾರನ್ ಕೇಳಿಸಿತು. ಸೆಲ್ವಿ ನೀರನ್ನು ಗುಣಿ ಬಿಟ್ಟು ಕಲ್ಲಿನ ಮೇಲೆ ಸುರಿದಳು. ಅತ್ತೆ ತಲೆಯೆತ್ತಿ ನೋಡಿ, ಮುಂದಿನ ಗುಣಿ ತೋಡಿದಳು.

ಎಷ್ಟೋ ಹೊತ್ತಾದ ಮೇಲೆ ಬಿಳಿ ಅಂಗಿಯೊಂದು ಏದುಸಿರು ಬಿಡುತ್ತ ಮೇಲೆ ಬಂತು. ಕೈಯಲ್ಲಿ ಬಾಳೆಹಣ್ಣಿನ ಚೀಲ.

"ಎನ್ನಮ್ಮಾ ಇದು? ಅಪ್ಪನ್ನ ಕರ್ದು ಮನೆಗೆ ಬೀಗ ಆಕ್ಬಿಟ್ಟಿದೀಯ?"

ಸೆಲ್ವಿಗೆ ಅಳು ಒತ್ತರಿಸಿಕೊಂಡು ಬಂತು. ಅಳುತ್ತಲೇ ಎಲ್ಲ ಹೇಳಿದಳು, ಅರ್ಧ ತಮಿಳಿನಲ್ಲಿ, ಅರ್ಧ ಕನ್ನಡದಲ್ಲಿ. ಅಪ್ಪ ಬೀಗಿತ್ತಿಯ ಕಡೆ ನೋಡಿದರು. ಅಶ್ವತ್ಥಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಬನ್ನಿ," ಅಂದಳಷ್ಟೇ. ಅವರು ಚೀಲವನ್ನು ಹುಣಸೆ ಕೊಂಬೆಗೆ ನೇತುಹಾಕಿ ಪ್ಯಾಂಟು ಮಡಚಿದರು.

"ನೀರು ಎಲ್ಲಿಂದಮ್ಮಾ ತರ್ಬೇಕು?"

ಮನೆಗೆ ಇಳಿದಾಗ ಮಧ್ಯಾಹ್ನ ತಿರುಗಿತ್ತು. ಬೆಳಿಗ್ಗೆ ಹಿಸುಕಿದ ಬೇಳೆಯನ್ನು ಎಸೆಯುವ ಹಾಗಿರಲಿಲ್ಲ. ಅಶ್ವತ್ಥಮ್ಮ ತಾನೇ ಕೂತು ಮಸಾಲೆ ರುಬ್ಬಿ ಸಾರಿಗಿಟ್ಟಳು, ಮುದ್ದೆ ತಿರುವಿದಳು. ಸಾರು ಕುದಿಯುತ್ತಲೇ ಅದರ ಸೊಗಡು ಮನೆಯೆಲ್ಲ ತುಂಬಿ ಹೊರಗಿನ ಜಗುಲಿಗೂ ಹೋಯಿತು. ಮದುವೆಯಾಗಿ ಬಂದಾಗಿನಿಂದ ಅಂಗಡಿ ಕಾಳಿನ ಸಾರನ್ನೇ ಉಂಡಿದ್ದ ಸೆಲ್ವಿಗೆ ಈ ವಾಸನೆ ಹೊಸದು.

"ಘಮಘಮ ಅಂತೈತೆ ಸಂಬಂಧಿಯಮ್ಮ," ಅಂದರು ಅಪ್ಪ, ತಟ್ಟೆಯ ಮೇಲೆ ಬಗ್ಗಿ.

"ಬೆಟ್ಟದ್ದು," ಅಂದಳು ಅಶ್ವತ್ಥಮ್ಮ. ಸೆಲ್ವಿಯ ತಟ್ಟೆಗೂ ಬಡಿಸಿದಳು, ಮುಖ ಮಾತ್ರ ಕೊಡಲಿಲ್ಲ.

ಸೆಲ್ವಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು. ಬೇಳೆ ಬಾಯಲ್ಲಿ ಬೆಣ್ಣೆಯಾಗಿತ್ತು. ಎರಡನೆಯ ತುತ್ತಿಗೆ ಕೈ ಹಾಕುವಾಗ ಬೆಟ್ಟದ ಕಡೆಯಿಂದ ನವಿಲು ಕೂಗಿತು. ಅತ್ತೆಯ ಕೈ ತಟ್ಟೆಯ ಮೇಲೆ ನಿಂತಿತು. ಇನ್ನೊಂದು ಕೂಗು ಕೇಳಿತು, ಇನ್ನೂ ಹತ್ತಿರದಿಂದ.

ಸೆಲ್ವಿ ಎದ್ದು ಓಡಿದಳು. ತಟ್ಟೆ ಮಗುಚಿತೋ ಏನೋ ನೋಡಲಿಲ್ಲ. ಅಂಗಳ ದಾಟುವಾಗ ಹಿಂದಿನಿಂದ ಅತ್ತೆಯ ದನಿ ಅಟ್ಟಿಸಿಕೊಂಡು ಬಂತು.

"ಏ ಸೆಲ್ವಿ, ಬರಿಗಾಲಾಗೆ ಓಗ್ಬ್ಯಾಡ ಕಣೇ. ಮುಳ್ಳವ್ವೆ. ಚಪ್ಲಿ ಮೆಟ್ಕಂಡ್ ಓಗು."

ಬಂಡೆಯ ಪಕ್ಕದ ಸಾಲಿನಲ್ಲಿ ಎರಡು ಗುಣಿ ಕೆದರಿಹೋಗಿದ್ದವು. ಸೆಲ್ವಿ ಚಪ್ಪಾಳೆ ತಟ್ಟಿದಳು. ನವಿಲು ಹಾರಲಿಲ್ಲ, ನಾಲ್ಕು ಹೆಜ್ಜೆ ಆಚೆ ಸರಿದು ಕತ್ತು ಕೊಂಕಿಸಿ ನಿಂತಿತು. ಅವಳು ಅತ್ತೆಯ ದೊಡ್ಡ ಚಪ್ಪಲಿ ಕಳಚದೆ ಸಾಲಿನ ತಲೆಗೆ ಕೂತುಬಿಟ್ಟಳು. ಕೆನ್ನೆ ಒರೆಸಿಕೊಳ್ಳಲು ಎತ್ತಿದ ಎಂಜಲುಗೈಯಲ್ಲಿ ಸೊಗಡು ಇನ್ನೂ ಇತ್ತು.